ಟೀಚರವ್ವನಿಗೊಂದು ಜಾಗ

ರಾಯಚೂರಿನಿಂದ ಮಟಮಾರಿಗೆ ಹೋಗುವ ಬೆಳಗಿನ ಬಸ್ಸು ಊರಾಚೆಯ ಅಕ್ಕಿ ಗಿರಣಿಗಳನ್ನು ದಾಟುವಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗುತ್ತದೆ. ಆಗತಾನೆ ಯಂತ್ರದಿಂದ ಇಳಿದ, ಇನ್ನೂ ಬೆಚ್ಚಗಿರುವ ತೌಡಿನ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಎಣ್ಣೆ, ಉಳಿದದ್ದೆಲ್ಲ ಧೂಳು. ನನ್ನ ಜೊತೆ ಶಾಲೆಗೆ ಬರುವ ಮೇಡಮ್ಮುಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು, ಕಿಟಕಿ ಎಳೀರಿ ಎನ್ನುತ್ತಾರೆ. ನಾನು ಎಳೆಯುವುದಿಲ್ಲ. ಬೇಡವಾದವರು ಬೇರೆ ಸೀಟು ಹಿಡಿಯಲಿ ಎಂದು ಒಮ್ಮೆ ಹೇಳಿಯೂಬಿಟ್ಟಿದ್ದೇನೆ. ಉಳಿದ ವಿಷಯಗಳಲ್ಲಿ ನಾನು ಅಷ್ಟು ಜಗಳಗಂಟಿಯಲ್ಲ. ಆ ಗಿರಣಿಗಳನ್ನು ದಾಟುವಷ್ಟು ಹೊತ್ತು ನನಗೆ ಮಟಮಾರಿಯ ಶಾಲೆ ಮರೆತುಹೋಗುತ್ತದೆ, ನಲವತ್ತರ ಹತ್ತಿರ ಬಂದ ನನ್ನ ವಯಸ್ಸೂ ಮರೆತುಹೋಗುತ್ತದೆ. ಮಾನ್ವಿಯ ಗಿರಣಿ ಮನೆಯ ಮೊಮ್ಮಗಳಾಗಿ ಕೂತಿರುತ್ತೇನೆ. ನಿಮಗೂ ಇಂಥದ್ದೊಂದು ವಾಸನೆ ಇದ್ದೇ ಇರುತ್ತದೆ, ಊರೆಲ್ಲ ಮೂಗು ಮುಚ್ಚಿಕೊಳ್ಳುವಲ್ಲಿ ನೀವೊಬ್ಬರೇ ಉಸಿರೆಳೆದುಕೊಳ್ಳುವಂಥದ್ದು.

ನಮ್ಮ ಮನೆಯನ್ನು ಮನೆ ಎನ್ನುವುದಕ್ಕಿಂತ ಗಿರಣಿಯ ಬೆನ್ನಿಗೆ ಅಂಟಿದ ನಾಲ್ಕು ಕೋಣೆ ಎನ್ನಬೇಕು. ಮುಂದೆ ಗಿರಣಿ, ಹಿಂದೆ ನಾವು, ನಡುವೆ ಒಂದೇ ಗೋಡೆ. ಬೆಳಿಗ್ಗೆ ಯಂತ್ರದ ಪಟ್ಟಾ ತಿರುಗತೊಡಗಿದರೆ ಅಡುಗೆಮನೆಯ ಹಲಗೆಯ ಮೇಲಿನ ತಟ್ಟೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಮಾತಾಡುತ್ತಿದ್ದವು. ಅಪ್ಪನ ತಂದೆ, ನಮ್ಮ ಮುತ್ಯಾ, ಗಿರಣಿಯ ಸಾವ್ಕಾರ. ಬಿಳಿ ಧೋತರ, ಹಣೆಗೆ ಮೂರು ಬೆರಳಿನ ವಿಭೂತಿ, ದಿನಕ್ಕೆ ಹತ್ತು ಮಾತು. ಉಳಿದ ಮಾತನ್ನೆಲ್ಲ ಅವನ ಪರವಾಗಿ ಅವನ ಹೆಂಡತಿ, ನಮ್ಮ ಆಯಿ, ಆಡುತ್ತಿದ್ದಳು. ಆಯಿಯ ಜೀವಮಾನವೆಲ್ಲ ತೌಡಿನ ಧೂಳಿನ ಜೊತೆ ಯುದ್ಧ ಮಾಡುವುದರಲ್ಲೇ ಕಳೆಯಿತು. ಒರೆಸಿದ ಬೆನ್ನಿಗೇ ಮತ್ತೆ ಕೂರುತ್ತಿತ್ತು. ದೇವರ ಜಗಲಿ, ನನ್ನ ಪುಸ್ತಕ, ತೊಟ್ಟಿಲ ಹಗ್ಗ, ಅನ್ನದ ಮೇಲಿನ ಮುಚ್ಚಳ, ಎಲ್ಲದರ ಮೇಲೂ ಸಣ್ಣ ಕೆನೆಯ ಹಾಗೆ. ಅಂಗಳದ ಆಚೆ, ಬೇವಿನ ಗಿಡದ ಬುಡಕ್ಕೆ, ಹಳೆಯ ಗುಮಾಸ್ತನಿಗಾಗಿ ಕಟ್ಟಿಸಿದ ಎರಡು ಕೋಣೆಗಳು ಖಾಲಿ ಬಿದ್ದಿದ್ದವು. ಮಿಷನ್ ಶಾಲೆಗೆ ಹೊರದೇಶದಿಂದ ಒಬ್ಬ ಟೀಚರ್ ಬರುತ್ತಾರೆ, ನಿಮ್ಮ ಕೋಣೆ ಕೊಡುತ್ತೀರೇನು ಎಂದು ರಾಯಚೂರಿನ ಫಾದರ್ ಕೇಳಿದಾಗ ಮುತ್ಯಾ ತಲೆಯಾಡಿಸಿದ.

ಹೊರದೇಶದಾಕಿ ಎಂದರೆ ಬೆಳ್ಳಗೆ, ಎತ್ತರಕ್ಕೆ, ಟೊಪ್ಪಿಗೆ ಇಟ್ಟುಕೊಂಡು ಬರುವ ದೊರೆಸಾನಿ ಎಂದು ಓಣಿಯ ಹೆಂಗಸರೆಲ್ಲ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ನಿಂತಿದ್ದರು. ಇಳಿದದ್ದು ನಮ್ಮ ಆಯಿಯ ಭುಜಕ್ಕೆ ಬರುವಷ್ಟು ಗಿಡ್ಡನೆಯ, ನಮ್ಮದೇ ಬಣ್ಣದ, ಚಪ್ಪಟೆ ಮುಖದ, ನಗುವ ಹೆಂಗಸು. ಐವತ್ತರ ಹತ್ತಿರದ ವಯಸ್ಸು. ಉದ್ದನೆಯ ಲಂಗ, ಅರ್ಧ ತೋಳಿನ ಅಂಗಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಮರದ ಶಿಲುಬೆ. ನೇಪಾಳದಾಕಿ ಬಂದಾಳ ಎಂದು ಹೆಂಗಸರು ನಿರಾಶೆಯಿಂದ ಮನೆಗೆ ಹೋದರು. ಅವಳು ಫಿಲಿಪ್ಪೀನ್ಸಿನವಳು. ಹೆಸರು ರೋಸಿತಾ. ಸಿಸ್ಟರ್ ಅಲ್ಲ, ಆದರೆ ಮದುವೆಯೂ ಆಗಿಲ್ಲ. ಎಲ್ಲಿ ಕಲಿಸುವವರು ಬೇಕೋ ಅಲ್ಲಿಗೆ ಹೋಗುತ್ತೇನೆ ಎಂದು ದೇವರಿಗೆ ಮಾತು ಕೊಟ್ಟವಳು. ಇದನ್ನು ಆಯಿಗೆ ತಿಳಿಸಿ ಹೇಳುವಷ್ಟರಲ್ಲಿ ಫಾದರ್ ಬೆವತುಹೋದರು. ಕೊನೆಗೆ ಆಯಿ ತನಗೆ ಬೇಕಾದಷ್ಟನ್ನು ಅರ್ಥ ಮಾಡಿಕೊಂಡು, ಟೀಚರವ್ವ ಎಂದು ಕರೆದಳು. ಆ ದಿನದಿಂದ ರೋಸಿತಾ ಎಂಬ ಹೆಸರು ಆಕೆಯ ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿಯಿತು.

ಒಳಗೆ ಬಂದವಳು ಮಾಡಿದ ಮೊದಲ ಕೆಲಸಕ್ಕೆ ನಾವೆಲ್ಲ ಕಕ್ಕಾಬಿಕ್ಕಿಯಾದೆವು. ಕಟ್ಟೆಯ ಮೇಲೆ ಕೂತಿದ್ದ ಮುತ್ಯಾನ ಬಲಗೈಯನ್ನು ಎತ್ತಿ, ಬಗ್ಗಿ, ಅದರ ಹಿಂಬದಿಯನ್ನು ತನ್ನ ಹಣೆಗೆ ಒತ್ತಿಕೊಂಡಳು. ಮಾನ್ವಿಯಲ್ಲಿ ಯಾವ ಹೆಂಗಸೂ ಸಾವ್ಕಾರರ ಕೈ ಮುಟ್ಟಿದ್ದಿಲ್ಲ. ಮುತ್ಯಾನ ಕಿವಿ ಕೆಂಪಾಯಿತು. ಹಿರಿಯರಿಗೆ ನಮ್ಮ ದೇಶದಲ್ಲಿ ಹೀಗೆಯೇ ನಮಸ್ಕಾರ ಎಂದು ಆಕೆ ಇಂಗ್ಲಿಷಿನಲ್ಲಿ ಹೇಳಿದಳು, ಫಾದರ್ ಕನ್ನಡ ಮಾಡಿದರು. ಸರಿ ಬಿಡ್ರಿ, ಕಾಲು ಮುಟ್ಟೋ ಬದಲು ಕೈ ಮುಟ್ಟಿದಳು, ಅದರಾಗೇನದ ಎಂದು ಆಯಿ ತೀರ್ಪು ಕೊಟ್ಟಳು. ಮುತ್ಯಾ ಹಾಕಿದ್ದು ಒಂದೇ ಷರತ್ತು: ಲಿಂಗವಂತರ ಮನೆ, ಅಂಗಳದೊಳಗೆ ಮೀನು ಮಾಂಸ ಬೇಯಬಾರದು. ಆಕೆ ಒಪ್ಪಿದಳು. ಆದರೆ ಎಂಥ ಒಪ್ಪಿಗೆ ಅದು ಎಂದು ನಮಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಸಮುದ್ರದ ದಂಡೆಯಲ್ಲಿ ಹುಟ್ಟಿದವಳಂತೆ, ಬೆಳಗಿನ ಅನ್ನಕ್ಕೂ ಒಣಮೀನು ಬೇಕಂತೆ. ಕನಸಿನ್ಯಾಗ ಮೀನು ಬರ್ತಾವರೀ ಆಯಿ ಎಂದು ಒಮ್ಮೆ ನಗುತ್ತ ಹೇಳಿದ್ದಳು. ಅಷ್ಟರಲ್ಲಿ ಆಕೆ ಕನ್ನಡ ಕಲಿತಿದ್ದಳು. ಕಲಿತದ್ದು ಆಯಿಯಿಂದ ಮತ್ತು ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಹೆಂಗಸರಿಂದ. ಹಾಗಾಗಿ ಪುಸ್ತಕದ ಕನ್ನಡ ಮಾತಾಡುವ ಫಾದರ್ ಎದುರು ಆಕೆಯೇ ಹೆಚ್ಚು ಮಾನ್ವಿಯವಳಾಗಿ ಕಾಣುತ್ತಿದ್ದಳು.

ಅನ್ನ ಮಾತ್ರ ನಮ್ಮನ್ನು ಒಂದುಗೂಡಿಸಿತು. ಮೂರು ಹೊತ್ತೂ ಅನ್ನ ಉಣ್ಣುವ, ಕೈಯಿಂದಲೇ ಉಣ್ಣುವ, ತಟ್ಟೆಯಲ್ಲಿ ಅಗುಳು ಬಿಡದ ಹೆಂಗಸನ್ನು ಕಂಡು ಗಿರಣಿಯ ಸಾವ್ಕಾರನಿಗೆ ಎಷ್ಟು ಸಂತೋಷವಾಗಿರಬೇಡ. ಹೊಸ ಭತ್ತ ಬಂದ ದಿನ ಮುತ್ಯಾ ಒಂದು ಹಿಡಿ ಅಕ್ಕಿಯನ್ನು ತಾನೇ ಆಕೆಯ ಕೋಣೆಯ ಬಾಗಿಲಿಗೆ ಒಯ್ದು ತೋರಿಸುತ್ತಿದ್ದ. ಆಕೆ ಮೂಸಿ ನೋಡಿ ಕಣ್ಣು ಮುಚ್ಚುತ್ತಿದ್ದಳು. ಆದರೆ ಜೋಳದ ರೊಟ್ಟಿ ಆಕೆಯ ಗಂಟಲಲ್ಲಿ ಕೊನೆಯವರೆಗೂ ಇಳಿಯಲಿಲ್ಲ. ಆಯಿ ಎಣ್ಣೆಗಾಯಿ ಪಲ್ಯ ಹಚ್ಚಿ, ಶೇಂಗಾ ಚಟ್ನಿ ಹಚ್ಚಿ, ಮೊಸರು ಹಚ್ಚಿ ಎಲ್ಲ ನಮೂನೆಯಲ್ಲೂ ಪ್ರಯತ್ನಿಸಿ ಸೋತಳು.

ನನಗೆ ಈಗಲೂ ಕಣ್ಣಿಗೆ ಕಟ್ಟಿರುವುದು ಬೆಳಗಿನ ಹೊತ್ತು. ಗಿರಣಿಯ ಪಟ್ಟಾ ತಿರುಗುವ ಮೊದಲು ಒಂದು ಗಳಿಗೆ ಮನೆಯೆಲ್ಲ ನಿಶ್ಶಬ್ದವಾಗಿರುತ್ತಿತ್ತು. ಪಡಸಾಲೆಯಲ್ಲಿ ಮುತ್ಯಾ ಎಡಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿ ಕೂತಿರುತ್ತಿದ್ದ. ಅಂಗಳದಾಚೆ, ತೆರೆದ ಬಾಗಿಲಿನಲ್ಲಿ, ಟೀಚರವ್ವ ಮೊಣಕಾಲೂರಿ ಜಪಸರದ ಮಣಿ ಒಂದೊಂದೇ ಸರಿಸುತ್ತಿದ್ದಳು. ಗೋಡೆಯ ಮೇಲೆ ಮೊಳೆಗೆ ತಗುಲಿಸಿದ ಒಂದು ಚಿತ್ರ ಬಿಟ್ಟರೆ ಆಕೆಯ ಕೋಣೆಯಲ್ಲಿ ದೇವರ ಸಾಮಾನು ಬೇರೆ ಇರಲಿಲ್ಲ. ಎರಡೂ ಪೂಜೆ ಮುಗಿಯುವವರೆಗೆ ಆಯಿ ಒಲೆಯ ಮೇಲಿನ ಚಹಾ ಇಳಿಸುತ್ತಿರಲಿಲ್ಲ. ನಾನು ಅಂಗಳದಲ್ಲಿ ಓಡಿದರೆ, ಪೂಜಿಗೆ ಕುಂತಾರ ಎಂದು ಗದರುತ್ತಿದ್ದಳು. ಕುಂತಾರ ಎಂಬುದರಲ್ಲಿ ಇಬ್ಬರೂ ಸೇರಿದ್ದರು. ಒಂದು ದಿನ ಆಯಿ ಆಕೆಯನ್ನು ನೇರವಾಗಿ ಕೇಳಿದಳು, ನಿಮ್ಮ ದೇವರು ಎಲ್ಲಿ ಇರ್ತಾನ ಅಂತ. ಟೀಚರವ್ವ ಕೊರಳಿನ ಶಿಲುಬೆಯನ್ನು ಎದೆಗೆ ಒತ್ತಿ ತೋರಿಸಿದಳು. ಆಯಿ ತನ್ನ ಸೆರಗು ಸರಿಸಿ ಎದೆಯ ಮೇಲಿನ, ಲಿಂಗವಿಟ್ಟ ಬೆಳ್ಳಿ ಕರಡಿಗೆಯನ್ನು ತೋರಿಸಿ, ನಮ್ಮವನೂ ಇಲ್ಲೇ ಇರ್ತಾನ ನೋಡು ಎಂದಳು. ಧರ್ಮದ ವಿಷಯದಲ್ಲಿ ಆ ಇಬ್ಬರ ನಡುವೆ ನಡೆದ ಚರ್ಚೆ ಅಷ್ಟೇ. ಆಮೇಲೆ ಹಸಿಮೆಣಸಿನಕಾಯಿಯ ಮಾತು ಶುರುವಾಯಿತು.

ಶಾಲೆಯಲ್ಲಿ ಆಕೆ ಇಂಗ್ಲಿಷ್ ಮತ್ತು ಹಾಡು ಕಲಿಸುತ್ತಿದ್ದಳು. ಹೋಂವರ್ಕ್ ಎಂದು ಬರೆಯಲು ಕೊಡುತ್ತಿರಲಿಲ್ಲ. ಇವತ್ತು ಕಲಿತದ್ದನ್ನು ಮನೆಗೆ ಹೋಗಿ ಯಾರಾದರೂ ಒಬ್ಬರಿಗೆ ಕಲಿಸಬೇಕು, ನಾಳೆ ಬಂದು ಅವರು ಏನು ಕೇಳಿದರು ಎಂದು ಹೇಳಬೇಕು. ನನಗೆ ಸಿಕ್ಕ ವಿದ್ಯಾರ್ಥಿನಿ ಆಯಿ. ಕಸ ಹೊಡೆಯುತ್ತ ಹೊಡೆಯುತ್ತಲೇ ಆಯಿ ಎ ಬಿ ಸಿ ಡಿ ಕಲಿತಳು. ನಡುನಡುವೆ, ಇಷ್ಟು ಕಮ್ಮಿ ಅಕ್ಷರದಾಗ ಅವರು ಹೆಂಗ ಬಾಳೇವು ಮಾಡ್ತಾರ ಎಂದು ಇಂಗ್ಲಿಷಿನವರ ಬಗ್ಗೆ ಮರುಗುತ್ತಿದ್ದಳು. ವಾರಕ್ಕೊಮ್ಮೆ ಟೀಚರವ್ವ ದೇವದುರ್ಗದ ಬಸ್ಸು ಹತ್ತಿ ಆ ಕಡೆಯ ಒಂದು ಕೇರಿಗೆ ಹೋಗುತ್ತಿದ್ದಳು. ಅಲ್ಲಿ ಹೊಲದ ಕೂಲಿ ಮುಗಿಸಿ ಬಂದ ಹೆಂಗಸರು, ಕೈಯಲ್ಲಿ ಇನ್ನೂ ಹತ್ತಿಯ ಎಳೆ ಇರುವಂತೆಯೇ ಚರ್ಚಿನ ಕಟ್ಟೆಯ ಮೇಲೆ ಕೂತು ಓದು ಕಲಿಯುತ್ತಿದ್ದರು. ಅವರಲ್ಲಿ ಸುವಾರ್ತಮ್ಮ ಎಂಬಾಕೆ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಗಟ್ಟಿಗಿತ್ತಿ, ಟೀಚರವ್ವನ ಗೆಳತಿ. ರಜೆಯಲ್ಲಿ ಟೀಚರವ್ವ ನನ್ನನ್ನೂ ಕರೆದೊಯ್ಯುತ್ತಿದ್ದಳು. ಆ ಕೇರಿಯಲ್ಲಿ ಮಾತ್ರ ಆಕೆ ಕೃಷ್ಣಾ ಹೊಳೆಯ ಮೀನು ಉಣ್ಣುತ್ತಿದ್ದಳು. ಮನೆಗೆ ಬರುವ ಮೊದಲು ಬಾಯಿ ಮುಕ್ಕಳಿಸಿ, ಕೈ ತೊಳೆದು, ಬಸ್‌ಸ್ಟ್ಯಾಂಡಿನಲ್ಲಿ ಒಂದು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಆಯಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುತ್ತಿದ್ದಳು.

ಊರು ಸುಮ್ಮನಿರುತ್ತದೆಯೇ? ಒಂದು ಸಲ ಪೇಟೆಯ ನಾಲ್ಕು ಮಂದಿ ದೊಡ್ಡವರು ಬಂದು ಗಿರಣಿಯ ಗಾದಿಯ ಮೇಲೆ ಕೂತು, ಸಾವ್ಕಾರ್ರೇ, ಮನ್ಯಾಗ ಇಟ್ಕೊಂಡೀರಿ, ನಾಳೆ ನಿಮ್ಮ ಮನಿಯವರನ್ನೇ ತನ್ನ ಕಡೆ ತಿರುಗಿಸ್ಯಾಳು ಎಂದು ಎಚ್ಚರಿಕೆ ಕೊಟ್ಟರು. ಮುತ್ಯಾ ಬಹಳ ಹೊತ್ತು ಯೋಚಿಸಿ, ನಮ್ಮಾಕಿ ಮನಸು ತಿರುಗಿಸೂದು ಇಷ್ಟು ವರ್ಷದಾಗ ನನ್ನ ಕಡಿಂದ ಆಗಿಲ್ಲ, ಆಕಿ ಮಾಡಿದ್ರ ನನಗೂ ಹೇಳಿಕೊಡಲಿ ಎಂದ. ಬಂದವರು ಚಹಾ ಕುಡಿದು ಹೋದರು. ಆ ವರ್ಷದ ಕ್ರಿಸ್‌ಮಸ್ಸಿಗೆ ಆಕೆ ಬಿದಿರು ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ದೊಡ್ಡ ನಕ್ಷತ್ರವನ್ನು ಮುತ್ಯಾ ತನ್ನ ಹಮಾಲರ ಕೈಯಿಂದ ಗಿರಣಿಯ ಗೇಟಿಗೇ ಕಟ್ಟಿಸಿದ. ಸಿಂಧನೂರಿನಿಂದ ಭತ್ತ ತರುವ ಲಾರಿಯವರು ಅದನ್ನೇ ಗುರುತು ಮಾಡಿಕೊಂಡರು.

ಹೀಗೆ ವರ್ಷಗಳು ಹೋದವು. ನಾನು ಏಳನೆಯ ತರಗತಿಗೆ ಬರುವ ಹೊತ್ತಿಗೆ ಟೀಚರವ್ವ ಸೊರಗಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಿಗೆ ಬಾವು. ಹೃದಯ ದಣಿದಿದೆ ಎಂದರು ರಾಯಚೂರಿನ ಡಾಕ್ಟರು. ನಿನ್ನ ದೇಶಕ್ಕೆ ಕಳಿಸಿಕೊಡುತ್ತೇವೆ, ಅಲ್ಲಿ ವಿಶ್ರಾಂತಿ ತಗೋ ಎಂದು ಮಿಷನ್ನಿನವರು ಹೇಳಿದರೂ ಆಕೆ ಒಪ್ಪಲಿಲ್ಲ. ಆಗಲೇ ನಮಗೆ ಗೊತ್ತಾದದ್ದು: ಆಕೆ ಇಲ್ಲಿಗೆ ಬರುವ ಮೊದಲೇ ಒಂದು ದೊಡ್ಡ ಚಂಡಮಾರುತಕ್ಕೆ ಆಕೆಯ ಊರಿನ ಅರ್ಧ ಸಮುದ್ರಕ್ಕೆ ಹೋಗಿತ್ತು. ತಾಯಿ ತಂದೆಯರನ್ನು ಮಣ್ಣು ಮಾಡಿದ ಜಾಗವೂ ಹೋಗಿತ್ತು. ಅದನ್ನು ಆಕೆ ಒಂದು ದಿನವೂ ನಮ್ಮೆದುರು ಹೇಳಿರಲಿಲ್ಲ. ಹೇಳದವರ ದುಃಖ ಪಕ್ಕದ ಕೋಣೆಯಲ್ಲಿದ್ದರೂ ನಮಗೆ ಕಾಣುವುದಿಲ್ಲ ನೋಡಿ. ಇಷ್ಟು ವರ್ಷ ನಮ್ಮ ಅಂಗಳದಲ್ಲಿ ನಗುತ್ತ ಓಡಾಡಿದವಳನ್ನು ನೆನೆದು ನನಗೆ ಆವತ್ತು ಅಳು ಬಂತು, ಈಗ ಬರೆಯುವಾಗಲೂ ಬಂತು.

ಊಟ ಸೇರದಾದಾಗ ಆಯಿ ಒಂದು ಕೆಲಸ ಮಾಡಿದಳು. ದೇವದುರ್ಗಕ್ಕೆ ಹೋಗುವ ಕಂಡಕ್ಟರನ ಕೈಯಲ್ಲಿ ಸುವಾರ್ತಮ್ಮನಿಗೆ ಹೇಳಿ ಕಳಿಸಿದಳು. ಮರುದಿನ ಸುವಾರ್ತಮ್ಮ ಬಟ್ಟೆಯಲ್ಲಿ ಕಟ್ಟಿದ ಡಬ್ಬಿ ಹಿಡಿದು ಗೇಟಿನ ಹೊರಗೆ ನಿಂತಳು, ಒಳಗೆ ಬರಲು ಹಿಂಜರಿದಳು. ಆಯಿ ತಾನೇ ಹೋಗಿ, ಬಾ ಬೇ, ತಣ್ಣಗಾಗ್ತದ ಎಂದು ಕೈ ಹಿಡಿದು ಕರೆತಂದಳು. ಅಂಗಳದಲ್ಲಿ ಏನೂ ಬೇಯಲಿಲ್ಲವಲ್ಲ, ಬೆಂದದ್ದು ಬಂತು, ಷರತ್ತು ಮುರಿಯಲಿಲ್ಲ ಎಂಬುದು ಆಯಿಯ ಲೆಕ್ಕ. ಟೀಚರವ್ವ ಹಾಸಿಗೆಯ ಮೇಲೆ ಕೂತು ಮೀನು ಅನ್ನ ಉಂಡಳು. ಆಯಿ ಹೊಸ್ತಿಲ ಮೇಲೆ ಸೆರಗಿನಿಂದ ಮೂಗು ಮುಚ್ಚಿಕೊಂಡು, ಇನ್ನೊಂದು ತುತ್ತು, ಇನ್ನೊಂದು ತುತ್ತು ಎನ್ನುತ್ತ ಕೂತಿದ್ದಳು. ಮುತ್ಯಾ ಆ ಹೊತ್ತಿಗೆ ಸರಿಯಾಗಿ ಗಿರಣಿಯ ಕಡೆ ಏನೋ ಕೆಲಸ ನೆನಪಿಸಿಕೊಂಡು ಹೋಗಿದ್ದ.

ಕೈ ತೊಳೆದ ಮೇಲೆ ಆಕೆ ಆ ಮಾತು ಕೇಳಿದಳು. ನಾನು ತಂಬಿಗೆ ಹಿಡಿದು ಅಲ್ಲೇ ನಿಂತಿದ್ದೆ.

"ಆಯಿ, ನಾ ಸತ್ರ ನನ್ನ ನಿಮ್ಮ ಹೊಲದಾಗ ಇಡ್ತೀರೇನು? ಮಲ್ಲಟದ ದಾರ್‍ಯಾಗಿನ ಆ ದಿನ್ನಿ ಮ್ಯಾಲ. ಅಲ್ಲಿಗೆ ನೀರು ಬರೂದಿಲ್ಲ."

ಮಲ್ಲಟದ ದಾರಿಯಲ್ಲಿ ನಮಗೆ ಗದ್ದೆಯಿತ್ತು. ಕಾಲುವೆಯ ನೀರು ಕುಡಿದು ವರ್ಷವಿಡೀ ಕಪ್ಪಗೆ ಒದ್ದೆಯಾಗಿರುವ ಭೂಮಿ. ಅದರ ನಡುವೆ ಎತ್ತರದ ಒಂದು ದಿನ್ನೆ, ಬನ್ನಿ ಗಿಡ, ಅದರ ಕೆಳಗೆ ನಮ್ಮ ಮನೆತನದ ಹಿರಿಯರನ್ನು ಮಣ್ಣು ಮಾಡಿದ ಗದ್ದುಗೆಗಳು. ಅಮಾವಾಸ್ಯೆಗೆ ನಾವು ಎಡೆ ಹಿಡಿದುಕೊಂಡು ಹೋಗುವಾಗ ಆಕೆಯೂ ಬರುತ್ತಿದ್ದಳು, ಬನ್ನಿಯ ನೆರಳಿನಲ್ಲಿ ಕೂತು ಸುತ್ತಲ ಭತ್ತದ ಹಸಿರು ನೋಡುತ್ತಿದ್ದಳು. ಆಯಿ ಎರಡನೆಯ ಮಾತು ಆಡಲಿಲ್ಲ.

"ಇಡ್ತೀನಿ. ನನ್ನ ಮಾತು ಇದು. ಈಗ ಮಲಕೋ."

ಮಾತು ಕೊಟ್ಟದ್ದೇನೋ ಸರಿ, ಉಳಿಸಿಕೊಳ್ಳುವುದು ಸುಲಭವಿರಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಅದೇ ವಿಷಯ. ಅಪ್ಪ ಕೆಟ್ಟವನಲ್ಲ, ಟೀಚರವ್ವನ ಔಷಧಿಗಾಗಿ ರಾಯಚೂರಿಗೆ ಓಡಾಡುತ್ತಿದ್ದವನು ಅವನೇ. ಆದರೆ ಊರಿನಲ್ಲಿ ತಲೆಯೆತ್ತಿ ವ್ಯಾಪಾರ ಮಾಡಬೇಕಾದವನು. ಫಾದರ್ ರಾಯಚೂರಿನ ಕ್ರೈಸ್ತರ ಸ್ಮಶಾನದಲ್ಲಿ ಜಾಗ ಇದೆ ಎನ್ನುತ್ತಿದ್ದಾರೆ, ಅಲ್ಲಿ ಅವರ ಮಂದಿ ಇದ್ದಾರೆ, ಹಿರಿಯರ ದಿನ್ನೆಯೇ ಏಕೆ ಎಂಬುದು ಅವನ ವಾದ. ಒಂದು ಮಧ್ಯಾಹ್ನ ಉಣ್ಣುತ್ತ ಕೂತವನು ಆಯಿಗೆ ಕೊನೆಯ ಮಾತೆಂಬಂತೆ ಹೇಳಿದ:

"ಯವ್ವಾ, ನಮ್ಮ ಅಕ್ಕ ತಂಗಿಯರಿಗೇ ಆ ದಿನ್ನ್ಯಾಗ ಜಾಗಾ ಇಲ್ಲ. ಗಂಡನ ಮನಿ ಹೊಲಕ್ಕ ಹೋಗ್ತಾರ. ಹೊರಗಿನಾಕಿಗೆ ಹೆಂಗ ಕೊಡ್ತಿ?"

"ಅವರಿಗೆ ಗಂಡನ ಮನಿ ಅದಾವು," ಎಂದಳು ಆಯಿ. "ಈಕಿಗೆ ಯಾವ ಮನಿ ಅದ, ನೀನೇ ಹೇಳು."

ಅಪ್ಪ ಕೈ ತೊಳೆದುಕೊಂಡ. ಇಬ್ಬರೂ ಮುತ್ಯಾನ ಕಡೆ ನೋಡಿದರು. ಭೂಮಿ ಅವನದು, ಅವನ ಮಾತೇ ಅಖೈರು. ಅವನು ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದ. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆಯಿಗೆ ಅವತ್ತಿನಿಂದ ಸರಿಯಾಗಿ ನಿದ್ದೆ ಬರಲಿಲ್ಲ. ದೊಡ್ಡ ಮಾತು ಆಡಿಬಿಟ್ಟೆ, ಆ ಪುಣ್ಯಾತ್ಮ ಬಾಯಿ ಬಿಡುವುದಿಲ್ಲ, ಸಾಯುವವಳಿಗೆ ಸುಳ್ಳು ಹೇಳಿದ ಹಾಗಾದರೆ ನನಗೆ ಯಾವ ಗತಿ ಎಂದು ನನ್ನ ತಲೆ ಬಾಚುತ್ತ ಬಾಚುತ್ತ ಗೊಣಗುತ್ತಿದ್ದಳು. ನನ್ನ ಜಡೆ ಆ ದಿನಗಳಲ್ಲಿ ಬಹಳ ಬಿಗಿಯಾಗಿರುತ್ತಿತ್ತು.

ಸುಗ್ಗಿಯ ಕಾಲ. ರಾಯಚೂರಿನ ಆಸ್ಪತ್ರೆಗೆ ಸೇರಿಸಿದ ಮೇಲೆ ಟೀಚರವ್ವ ಬಹಳ ದಿನ ಉಳಿಯಲಿಲ್ಲ. ಸುವಾರ್ತಮ್ಮ ಹಗಲೂ ರಾತ್ರಿ ಪಕ್ಕದಲ್ಲಿದ್ದಳು. ಒಂದು ಬೆಳಿಗ್ಗೆ ಪಟ್ಟಾ ತಿರುಗತೊಡಗಿದ ಮೇಲೆ ಗಿರಣಿಯ ಫೋನು ರಿಂಗಾಯಿತು, ಅಪ್ಪ ಎತ್ತಿದ, ಕೇಳಿ ಇಟ್ಟ. ಪೂಜೆ ಮುಗಿಸಿ ಚಹಾ ಕುಡಿಯುತ್ತಿದ್ದ ಮುತ್ಯಾ ಅಪ್ಪನ ಮುಖ ನೋಡಿಯೇ ತಿಳಿದುಕೊಂಡ. ಎದ್ದು ಹೋಗಿ, ಗಿರಣಿ ಬಂದ್ ಮಾಡ್ರಿ ಎಂದ. ನಮ್ಮ ಮನೆಯವರು ಯಾರಾದರೂ ತೀರಿಕೊಂಡರೆ ಮಾತ್ರ ಸುಗ್ಗಿಯಲ್ಲಿ ಗಿರಣಿ ನಿಲ್ಲುವುದು. ಪಟ್ಟಾ ನಿಂತ ಸದ್ದಿಗೆ, ಸದ್ದು ಎನ್ನುವುದೇ ತಪ್ಪು, ಸದ್ದಿಲ್ಲದ್ದಕ್ಕೆ ಓಣಿಯೆಲ್ಲ ಹೊರಗೆ ಬಂತು. ಮುತ್ಯಾ ಹೊಲದ ಆಳು ಹುಸೇನಪ್ಪನನ್ನು ಕರೆದುಕೊಂಡು ಬಂಡಿ ಹತ್ತಿ ದಿನ್ನೆಯ ಕಡೆ ಹೋದ. ಹುಸೇನಪ್ಪನ ತಂದೆ, ಅವನ ತಂದೆ, ಎಲ್ಲರೂ ನಮ್ಮ ಹಿರಿಯರಿಗೆ ಕುಣಿ ತೋಡಿದವರೇ. ಆಯಿ ಬಾಗಿಲಲ್ಲಿ ನಿಂತು ಬಂಡಿ ಮರೆಯಾಗುವವರೆಗೆ ನೋಡಿ, ಒಳಗೆ ಬಂದು ಗೋಡೆಗೆ ಒರಗಿ ಜೋರಾಗಿ ಅತ್ತಳು. ದುಃಖವೂ ಇತ್ತು, ಮಾತು ಉಳಿದ ನಿರಾಳವೂ ಇತ್ತು.

ಚರ್ಚಿನ ಪೂಜೆ ಮುಗಿಸಿ ರಾಯಚೂರಿನಿಂದ ಗಾಡಿ ಬರುವಾಗ ಬಿಸಿಲು ಇಳಿಯುತ್ತಿತ್ತು. ಫಾದರ್, ಶಾಲೆಯ ಮಾಸ್ತರರು, ದೇವದುರ್ಗದ ಕೇರಿಯಿಂದ ಲಾರಿಯಲ್ಲಿ ಬಂದ ಹೆಂಗಸರು ಗಂಡಸರು, ನಮ್ಮ ಗಿರಣಿಯ ಹಮಾಲರು, ನೋಡಲು ಬಂದ ಪೇಟೆಯವರು, ದಿನ್ನೆಯ ಸುತ್ತ ಮಂದಿಯೋ ಮಂದಿ. ಕಪ್ಪು ಪೆಟ್ಟಿಗೆಯನ್ನು ಹೊತ್ತು ಬನ್ನಿಯ ಬುಡಕ್ಕೆ ತಂದರು. ತಂದವರು ಅಲ್ಲೇ ನಿಂತುಬಿಟ್ಟರು.

ಕುಣಿ ಚೌಕವಾಗಿತ್ತು. ಆಳೆತ್ತರದ, ನಾಲ್ಕು ಮೂಲೆ ನೇರವಾಗಿ ಕಡಿದ ಕುಣಿ. ಇಳಿಯಲು ಮೆಟ್ಟಿಲು. ಒಂದು ಗೋಡೆಯಲ್ಲಿ ಗೂಡು, ಗೂಡಿನ ಮೇಲೆ ವಿಭೂತಿಯ ಮೂರು ಗೆರೆ, ಕೆಳಗೆ ಬಿಲ್ವಪತ್ರಿ ಹರಡಿತ್ತು. ನಮ್ಮಲ್ಲಿ ಸತ್ತವರನ್ನು ಪದ್ಮಾಸನ ಹಾಕಿ ಕೂರಿಸಿ ಮಣ್ಣು ಮಾಡುತ್ತಾರೆ. ಆ ಗೂಡು ಕೂತವರಿಗಾಗಿ. ಉದ್ದನೆಯ ಪೆಟ್ಟಿಗೆಯನ್ನು ಕುಣಿಯ ಮೇಲೆ ಅಡ್ಡವಾಗಿ ಇಟ್ಟರೆ ಎರಡೂ ತುದಿ ಹೊರಗೆ ಉಳಿಯುತ್ತಿತ್ತು. ಬೆಳಗಿನಿಂದ ದಿನ್ನೆಯ ಮೇಲೆಯೇ ಕೂತಿದ್ದ ಮುತ್ಯಾ ಪೆಟ್ಟಿಗೆಯನ್ನು ನೋಡಿದ, ಕುಣಿಯನ್ನು ನೋಡಿದ, ಮತ್ತೆ ಪೆಟ್ಟಿಗೆಯನ್ನು ನೋಡಿದ. ಅವನ ಬಾಯಿ ಸ್ವಲ್ಪ ತೆರೆದೇ ಇತ್ತು. ಯಾರೋ ಹುಸೇನಪ್ಪನನ್ನು ಗದರಿದರು, ಕಿರಸ್ತಾನರಿಗೆ ಹಿಂಗ ತೋಡ್ತಾರೇನಲೇ ಎಂದು. ಅವನು ಸಲಿಕೆ ಹಿಡಿದುಕೊಂಡೇ ಹೇಳಿದ:

"ಸಾವ್ಕಾರ್ರು ನಮ್ಮ ಮನಿ ಮಗಳಿಗೆ ತೋಡು ಅಂದ್ರು. ಮನಿ ಮಗಳಿಗೆ ಹೆಂಗ ತೋಡ್ತಾರ, ಹಂಗ ತೋಡೀನ್ರೀ."

ಗುಸುಗುಸು ಶುರುವಾಯಿತು. ನಮ್ಮ ಸಂಬಂಧಿಕರೊಬ್ಬರು ಮುಂದೆ ಬಂದು, ದೇವರ ಮನಸ್ಸಿನಾಗೇ ಇಲ್ಲ ಅನಸ್ತದ, ರಾಯಚೂರಿನಾಗ ಜಾಗಾ ತಯಾರದ ಅಂತೀರಿ, ಕತ್ತಲಾಗೂದ್ರಾಗ ಒಯ್ದುಬಿಡ್ರಿ ಎಂದರು. ಕೆಲವರು ಹೌದು ಹೌದು ಎಂದರು. ಫಾದರ್ ಏನೂ ತೋಚದೆ ನಿಂತಿದ್ದರು. ಆಯಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಣಿಯ ಅಂಚಿನಲ್ಲಿ ಕುಕ್ಕರಿಸಿದ್ದಳು. ಪೆಟ್ಟಿಗೆ ಹೊತ್ತವರು ತಿರುಗಿ ಗಾಡಿಯ ಕಡೆ ನೋಡತೊಡಗಿದರು. ಇನ್ನೊಂದು ಗಳಿಗೆ ಹಾಗೆಯೇ ಬಿಟ್ಟಿದ್ದರೆ ಟೀಚರವ್ವ ರಾಯಚೂರಿಗೆ ಹೋಗಿಬಿಡುತ್ತಿದ್ದಳು.

ಆಗ ಅಪ್ಪ ಚಪ್ಪಲಿ ಬಿಟ್ಟ. ಬಿಳಿ ಪ್ಯಾಂಟಿನಲ್ಲೇ ಮೆಟ್ಟಿಲಿಳಿದು ಕುಣಿಯೊಳಗೆ ಹೋದ. ಒಂದು ಕ್ಷಣ ಆ ಗೂಡನ್ನು, ಅದರ ಮೇಲೆ ಮನೆಯವರಿಗಷ್ಟೇ ಎಳೆಯುವ ವಿಭೂತಿಯ ಗೆರೆಗಳನ್ನು ನೋಡುತ್ತ ನಿಂತ. ಆಮೇಲೆ ಮೇಲೆ ಕೈ ಚಾಚಿ, ಸಲಿಕಿ ಕೊಡು ಹುಸೇನಪ್ಪ ಎಂದ. ಗೂಡಿನ ಎದುರಿನ ಗೋಡೆಗೆ ಸಲಿಕೆ ಹಾಕಿದ. ಜೀವಮಾನದಲ್ಲಿ ಲೇಖನಿ ಬಿಟ್ಟು ಬೇರೇನೂ ಹಿಡಿಯದ ಕೈ, ಮೊದಲ ಏಟಿಗೆ ಹಿಡಿ ಮಣ್ಣೂ ಬೀಳಲಿಲ್ಲ. ಹಮಾಲರು ನಗಲಿಲ್ಲ. ಒಬ್ಬೊಬ್ಬರೇ ಇಳಿದರು. ದೇವದುರ್ಗದ ಕೇರಿಯ ಗಂಡಸರು ಇಳಿದರು. ಜಾಗ ಸಾಲದೆ ಸುವಾರ್ತಮ್ಮನೂ ಹೆಂಗಸರೂ ಮೇಲೆ ನಿಂತು ಬುಟ್ಟಿಯಲ್ಲಿ ಮಣ್ಣು ಎತ್ತಿ ಹಾಕಿದರು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಟೀಚರವ್ವ ಕಲಿಸಿದ ಹಾಡು ಹೇಳುತ್ತ. ಚೌಕದ ಕುಣಿ ನಿಧಾನವಾಗಿ ಉದ್ದವಾಯಿತು. ಆಯಿ ಫಾದರ್ ಹತ್ತಿರ ಹೋಗಿ, ಆ ವಿಭೂತಿ ಅಳಸಬೇಕೇನ್ರೀ ಎಂದು ಅಂಜುತ್ತ ಕೇಳಿದಳು. "ಬೇಡ ತಾಯಿ," ಎಂದರು ಅವರು. "ಬೂದಿ ಬುಧವಾರ ನಾವೂ ಹಣೆಗೆ ಹಚ್ಚಿಕೊಳ್ಳುತ್ತೇವೆ. ಅವಳಿಗೆ ಅದು ಹೊಸದಲ್ಲ." ಗೂಡಿನ ಕಡೆ ತಲೆ ಬರುವಂತೆ ಪೆಟ್ಟಿಗೆಯನ್ನು ಇಳಿಸಿದರು. ಫಾದರ್ ಮಂತ್ರ ಹೇಳಿದರು. ಪತ್ರಿಯೂ ಹೂವೂ ಮಣ್ಣೂ ಒಟ್ಟಿಗೇ ಬಿದ್ದವು.

ಬಂಡಿಯಲ್ಲಿ ಹಿಂದಿರುಗುವಾಗ ನಾನು ಆಯಿಯ ತೊಡೆಯ ಮೇಲೆ ತಲೆಯಿಟ್ಟಿದ್ದೆ. ಎರಡೂ ಬದಿಗೆ ಕೊಯ್ದ ಗದ್ದೆ. ಬಹಳ ದೂರ ಬಂದ ಮೇಲೆ ಆಯಿ ಕೇಳಿಯೇಬಿಟ್ಟಳು, ಅವರು ಮಲಗಿಸ್ತಾರ ಅಂತ ನಿಮಗೆ ಗೊತ್ತಿರಲಿಲ್ಲೇನು, ದೇವದುರ್ಗದಾಗ ಅವರ ಮಂದಿ ಮಣ್ಣಿಗೆ ನೀವೇ ಹೋಗಿ ಬಂದೀರಲ್ಲ ಎಂದು. ಮುತ್ಯಾ ಎತ್ತಿನ ಬೆನ್ನು ನೋಡುತ್ತ ಕೂತಿದ್ದ.

"ಗೊತ್ತಿತ್ತು," ಎಂದ. "ಮುಂಜಾನಿಂದ ಮುಂದ ಕುಂತು ತೋಡಿಸಿದೆ. ಆಕಿ ಬ್ಯಾರೇದಾಕಿ ಅನ್ನೂದು ಒಮ್ಮೆರೆ ನೆನಪಿಗೆ ಬರಲಿಲ್ಲ."

ಆಯಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಮಂದಿಯ ಎದುರಿಗೆ ಅವಳು ಹಾಗೆ ಮಾಡಿದ್ದನ್ನು ನಾನು ಹಿಂದೆಯೂ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

ಈಗ ಆ ಗಿರಣಿ ಇಲ್ಲ. ಮನೆಯೂ ಇಲ್ಲ, ಅಲ್ಲಿ ಮದುವೆ ಮಂಟಪ ಎದ್ದಿದೆ. ಗೋಡೆ ಕೆಡವಿದ ದಿನ ಎಷ್ಟು ತೌಡು ಹಾರಿತೆಂದರೆ ಓಣಿಯೆಲ್ಲ ಬೆಳ್ಳಗಾಯಿತಂತೆ. ಆಯಿ ಇದ್ದಿದ್ದರೆ ಕಸಬರಿಗೆ ಹಿಡಿದು ಓಡುತ್ತಿದ್ದಳು. ಗದ್ದೆಯನ್ನು ಕೊಡುವಾಗ ಅಪ್ಪ ದಿನ್ನೆಯನ್ನು ಕೊಡಲಿಲ್ಲ. ಕೊಂಡವರು ನಡುವಿನ ಜಾಗ ಬಿಟ್ಟರೆ ಹೇಗೆ ಎಂದು ಎಷ್ಟು ಕೇಳಿದರೂ, ಅದು ಮಾರೂದಲ್ಲರೀ ಎಂಬ ಒಂದೇ ಮಾತು. ಮೊದಲು ಮುತ್ಯಾ ಹೋದ, ಅವನ ಹಿಂದೆಯೇ ಆಯಿ, ಹೋದ ವರ್ಷ ಅಪ್ಪ. ಮೂವರನ್ನೂ ಆಕೆಯ ಪಕ್ಕದಲ್ಲೇ ಇಟ್ಟೆವು. ಅಮಾವಾಸ್ಯೆಗೆ ನಾನೊಬ್ಬಳೇ ಹೋಗುತ್ತೇನೆ. ಸುತ್ತ ಭತ್ತ ಹಸಿರಾಗಿರುತ್ತದೆ, ಬನ್ನಿಯ ನೆರಳು ಗದ್ದುಗೆಗಳ ಮೇಲೆ ಬಿದ್ದಿರುತ್ತದೆ. ನಮ್ಮವರು ಮೂವರೂ ಕೂತಿದ್ದಾರೆ, ಟೀಚರವ್ವ ಒಬ್ಬಳೇ ಮಲಗಿದ್ದಾಳೆ. ದೂರದ ಊರಿನಿಂದ ದಣಿದು ಬಂದ ಮಗಳು ಮಧ್ಯಾಹ್ನ ಅಡ್ಡಾಗಿದ್ದರೆ, ಎಚ್ಚರವಾದೀತೆಂದು ಮನೆಯವರು ಸದ್ದು ಮಾಡದೆ ಸುತ್ತ ಕೂತಿರುತ್ತಾರಲ್ಲ, ಹಾಗೆ.